ಗೋತೋ ದ್ವೀಪಗಳ ಚರ್ಚುಗಳಲ್ಲಿ ಅತ್ತೆಯ ಜೊತೆ

ಜಪಾನಿನಲ್ಲಿ ನನಗೆ ಕಾರು ಓಡಿಸುವ ಲೈಸೆನ್ಸ್ ಸಿಕ್ಕಿದ ದಿನ ನನಗಿಂತ ಹೆಚ್ಚು ಸಂಭ್ರಮಪಟ್ಟವರು ನನಗೆ ಜಪಾನಿ ಭಾಷೆ ಕಲಿಸುತ್ತಿದ್ದ ಟೀಚರು. ಮೈಸೂರಿನಲ್ಲಿ ವರ್ಷಗಟ್ಟಲೆ ಕಾರು ಓಡಿಸಿದವಳು ನಾನು. ಆದರೂ ಇಲ್ಲಿಯ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದೆ. ಹತ್ತುವ ಮುಂಚೆ ಬಗ್ಗಿ ಕಾರಿನ ಕೆಳಗೆ ನೋಡಲಿಲ್ಲವೆಂದು ಒಮ್ಮೆ, ತಿರುವಿನಲ್ಲಿ ಭುಜದ ಮೇಲಿಂದ ಹಿಂದೆ ನೋಡಲಿಲ್ಲವೆಂದು ಇನ್ನೊಮ್ಮೆ. ಕೊನೆಗೆ ಕಳೆದುಹೋದ ಬೆಕ್ಕು ಹುಡುಕುವವಳ ಹಾಗೆ ಕಾರಿನ ಸುತ್ತ ಬಗ್ಗಿ ಬಗ್ಗಿ ನೋಡಿ ಪಾಸಾದೆ. ಆ ಕಾರ್ಡನ್ನು ತರಗತಿಗೆ ಒಯ್ದು ತೋರಿಸಿದಾಗ ಟೀಚರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಕನ್ನಡಕ ಮೇಲೇರಿಸಿ ನೋಡಿ, "ಹಾಗಾದರೆ ಇನ್ನು ನಾವು ದ್ವೀಪಕ್ಕೆ ಹೋಗಬಹುದು" ಎಂದರು.

ಯಾವ ದ್ವೀಪ, ಏಕೆ, ಒಂದೂ ನನಗೆ ಗೊತ್ತಿರಲಿಲ್ಲ.

ನಾವು ಟೋಕಿಯೋಗೆ ಬಂದದ್ದು ದೊಡ್ಡ ಭೂಕಂಪದ ಮರುವರ್ಷ. ಗಂಡನಿಗೆ ಕಂಪನಿಯ ಕೆಲಸ, ಮನೆ ಕೋಟೋ ವಾರ್ಡಿನ ಒಂದು ಎತ್ತರದ ಕಟ್ಟಡದಲ್ಲಿ. ಪ್ರತಿ ಮನೆಯ ಬಾಗಿಲ ಹಿಂದೆಯೂ ಹೆಲ್ಮೆಟ್ಟು, ನೀರಿನ ಬಾಟಲಿ, ಟಾರ್ಚು ತುಂಬಿದ ಚೀಲವೊಂದು ತೂಗುತ್ತಿದ್ದ ಕಾಲ ಅದು. ಮಗಳನ್ನು ಶಾಲೆಗೆ ಬಿಟ್ಟ ಮೇಲೆ ನಾನು ವಾರ್ಡ್ ಭವನದಲ್ಲಿ ವಿದೇಶಿಯರಿಗೆ ನಡೆಸುತ್ತಿದ್ದ ಭಾಷಾ ತರಗತಿಗೆ ಹೋಗುತ್ತಿದ್ದೆ. ಅಲ್ಲಿ ನನ್ನ ಪಾಲಿಗೆ ಬಂದವರು ಈ ಟೀಚರು. ಎಪ್ಪತ್ತು ದಾಟಿದವರು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಎಲ್ಲರೂ ಮೊದಲ ಪಾಠದಲ್ಲಿ ನಮಸ್ಕಾರ, ಧನ್ಯವಾದ ಕಲಿಸಿದರೆ ಇವರು ನನಗೆ "ನಿಗೆತೆ" ಎಂದರೆ ಓಡಿ, "ತಕಾಯ್ ತೊಕೊರೊ" ಎಂದರೆ ಎತ್ತರದ ಜಾಗ ಎಂದು ಕಲಿಸಿದರು. "ಸುಮಿಮಾಸೆನ್, ಅಂದ್ರೆ ಕ್ಷಮಿಸಿ, ಅನ್ನೋದನ್ನ ನೀವು ಹೇಗೂ ರಸ್ತೆಯಲ್ಲೇ ಕಲಿತುಬಿಡ್ತೀರಿ" ಎಂದಿದ್ದರು.

ಅವರು ಕ್ರೈಸ್ತರು ಎಂಬುದು ನನಗೆ ಬಹಳ ದಿನ ತಿಳಿದಿರಲಿಲ್ಲ. ಲೈಸೆನ್ಸ್ ತೋರಿಸಿದ ಆ ದಿನ ಒಂದು ಭೂಪಟ ಹರವಿ, ಜಪಾನಿನ ಪಶ್ಚಿಮದ ತುದಿಯಲ್ಲಿ, ನಾಗಸಾಕಿಯಿಂದಾಚೆ ಸಮುದ್ರದಲ್ಲಿ ಚೆಲ್ಲಿದ ಅವಲಕ್ಕಿಯಂತಿದ್ದ ಗೋತೋ ದ್ವೀಪಗಳನ್ನು ತೋರಿಸಿದರು. ಅವರು ಹುಟ್ಟಿದ್ದು ಅಲ್ಲಿಯ ಒಂದು ಪುಟ್ಟ ದ್ವೀಪದಲ್ಲಿ. "ನಮ್ಮ ಕಡೆ ಕೊಂಬಿನಿಗಿಂತ ಚರ್ಚು ಜಾಸ್ತಿ" ಎಂದು ನಕ್ಕರು. ಕೊಂಬಿನಿ ಎಂದರೆ ಟೋಕಿಯೋದಲ್ಲಿ ಬೀದಿಗೊಂದರಂತೆ ಇರುವ, ಹಗಲೂ ರಾತ್ರಿ ತೆರೆದಿರುವ ಅಂಗಡಿ. ಅಲ್ಲಿ ಚರ್ಚುಗಳು ಕೊಲ್ಲಿಗೊಂದು, ಗುಡ್ಡಕ್ಕೊಂದು. ಬಸ್ಸುಗಳು ಅಲ್ಲಿಗೆಲ್ಲ ಹೋಗುವುದಿಲ್ಲ. ವಯಸ್ಸಾಯಿತೆಂದು ಅವರು ತಮ್ಮ ಲೈಸೆನ್ಸನ್ನು ತಾವೇ ಪೊಲೀಸರಿಗೆ ಹಿಂದಿರುಗಿಸಿದ್ದರು. ತಾಯಿ ತೀರಿಕೊಂಡ ಮೇಲೆ ಆ ಕಡೆ ಹೋಗಿಯೇ ಇರಲಿಲ್ಲ. ಚಿಕ್ಕಂದಿನಲ್ಲಿ ಹಬ್ಬಹಬ್ಬಕ್ಕೆ ದೋಣಿಯಲ್ಲಿ ಹೋಗಿ ಕೂತಿದ್ದ ಚರ್ಚುಗಳನ್ನೆಲ್ಲ ಮತ್ತೊಮ್ಮೆ ನೋಡಬೇಕು, ಮೊಣಕಾಲು ಮಾತು ಕೇಳುವವರೆಗೆ ಮಾತ್ರ ಅದು ಸಾಧ್ಯ ಎಂದರು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಆ ತಿಂಗಳು ಮೈಸೂರಿನಿಂದ ನಮ್ಮತ್ತೆ ಬಂದಿದ್ದರು. ಸೋಫಾ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದವರು ತಲೆಯೆತ್ತಿದರು.

"ನಾನೂ ಬರ್ತೀನಿ."

"ಅಮ್ಮ, ಅದು ಟೆಂಪಲ್ ಟೂರ್ ಅಲ್ಲ, ಎಲ್ಲಾ ಚರ್ಚು. ನಿನಗೆ ಬೋರ್ ಆಗುತ್ತೆ" ಎಂದರು ನನ್ನ ಗಂಡ.

"ಇಲ್ಲಿ ಕೂತು ಗಾಜಿನ ಕಟ್ಟಡ ನೋಡ್ತಾ ಇರೋದಕ್ಕಿಂತ ಬೋರ್ ಆಗುತ್ತಾ? ಬಾಲ್ಕನಿಯಿಂದ ಕೆಳಗೆ ನೋಡಿದ್ರೆ ಮನುಷ್ಯರು ಸಾಸಿವೆ ಕಾಳಿನ ಹಾಗೆ ಕಾಣ್ತಾರೆ. ನಾನು ಬರ್ತೀನಿ ಕಣೇ, ನಿಮ್ಮ ಟೀಚರಮ್ಮಂಗೆ ಹೇಳು."

ಹೀಗೆ ಮಾರ್ಚ್ ಕೊನೆಯಲ್ಲಿ ನಾವು ಮೂವರು ಹೊರಟೆವು. ಮಗಳು ಬಾಗಿಲಲ್ಲಿ ನಿಂತು "ಇತ್ತೆ ರಾಶ್ಶಾಯ್, ಅಜ್ಜಿ" ಎಂದು ಕೈಬೀಸಿದಳು. ಹೋಗಿ ಬನ್ನಿ ಎಂದರ್ಥ. ಅತ್ತೆ ಕಂಬಳಿಯಷ್ಟು ದಪ್ಪದ ಸ್ವೆಟರು, ಅದರ ಮೇಲೆ ರೇಷ್ಮೆ ಸೀರೆಯ ಸೆರಗು, ಕಾಲಿಗೆ ಮೊಮ್ಮಗಳ ಗುಲಾಬಿ ಬಣ್ಣದ ಕಾಲುಚೀಲ ಹಾಕಿಕೊಂಡಿದ್ದರು. ಕೈಚೀಲದಲ್ಲಿ ಚಟ್ನಿಪುಡಿ, ತುಪ್ಪ, ಹುರಿದ ಅವಲಕ್ಕಿ.

ನಾಗಸಾಕಿಯವರೆಗೆ ವಿಮಾನ, ಅಲ್ಲಿಂದ ದೊಡ್ಡ ಹಡಗು. ಹಡಗಿನಲ್ಲಿ ಕುರ್ಚಿಗಳಿಲ್ಲದ, ಬರೀ ಕಂಬಳಿ ಹಾಸಿದ ಒಂದು ಹಜಾರವಿತ್ತು. ಜನ ಚಪ್ಪಲಿ ಬಿಟ್ಟು ಒಳಗೆ ಬಂದು ದಿಂಬು ತೆಗೆದುಕೊಂಡು ಅಲ್ಲೇ ಮಲಗುತ್ತಿದ್ದರು. ಅತ್ತೆಗೆ ಅದನ್ನು ನೋಡಿ ಬಹಳ ಸಮಾಧಾನವಾಯಿತು. "ಇವರು ನಮ್ಮ ಹಾಗೇ ಇದ್ದಾರೆ, ಮದುವೆ ಮನೆ ಹಾಗಿದೆ" ಎಂದು ಟೀಚರ ಪಕ್ಕದಲ್ಲಿ ಅಡ್ಡಾದರು. ಇಬ್ಬರಿಗೂ ಒಂದು ಭಾಷೆಯಿಲ್ಲ. ಅತ್ತೆ ಕನ್ನಡದಲ್ಲಿ ಮಾತಾಡಿದರು, ಟೀಚರು ಜಪಾನಿಯಲ್ಲಿ ಉತ್ತರಿಸಿದರು. ಮೊದಲು ನಾನು ನಡುವೆ ಕೂತು ಅನುವಾದ ಮಾಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಇಬ್ಬರೂ ಮೊಣಕಾಲು ತೋರಿಸಿಕೊಂಡು, ಎಲ್ಲಿ ನೋವು, ಎಂಥ ನೋವು ಎಂದು ಒತ್ತಿ ಒತ್ತಿ ಹೇಳಿಕೊಳ್ಳತೊಡಗಿದಾಗ ನನ್ನ ಅಗತ್ಯ ಮುಗಿಯಿತು. ನಾನು ಡೆಕ್ಕಿಗೆ ಹೋಗಿ ಗಾಳಿಗೆ ನಿಂತೆ.

ಗೋತೋ ತಲುಪಿ, ಬಂದರಿನಲ್ಲೇ ಒಂದು ಪುಟ್ಟ ಕಾರು ಬಾಡಿಗೆಗೆ ತೆಗೆದುಕೊಂಡೆವು. ಹತ್ತುವ ಮುಂಚೆ ನಾನು ಅಭ್ಯಾಸಬಲದಿಂದ ಬಗ್ಗಿ ಕೆಳಗೆ ನೋಡಿದೆ. ಅತ್ತೆಯೂ ಬಗ್ಗಿ ನೋಡಿ, "ಏನಮ್ಮ ಬಿತ್ತು?" ಎಂದರು.

ಮೊದಲ ಚರ್ಚಿಗೆ ಹೋಗುವ ದಾರಿಯುದ್ದಕ್ಕೂ ಕಮೀಲಿಯ ಮರಗಳು. ಕೆಂಪು ಹೂಗಳು ಇಡಿಯಾಗಿಯೇ ಉದುರಿ ರಸ್ತೆಯ ಅಂಚಿನಲ್ಲಿ ಮುಖ ಮೇಲಾಗಿ ಬಿದ್ದಿದ್ದವು. ಒಂದು ತಿರುವು ದಾಟಿದ ಮೇಲೆ ಕೊಲ್ಲಿ, ನೀರಿಗೆ ತೀರ ಹತ್ತಿರದಲ್ಲಿ ಒಂದು ಮರದ ಕಟ್ಟಡ. ಹೊರಗಿನಿಂದ ನೋಡಿದರೆ ಹೆಂಚು ಹೊದಿಸಿದ ನಮ್ಮ ಊರಿನ ಹಳೆಯ ಪ್ರೈಮರಿ ಶಾಲೆಯ ಹಾಗಿತ್ತು. ತುದಿಯಲ್ಲಿ ಒಂದು ಶಿಲುಬೆ ಇಲ್ಲದಿದ್ದರೆ ಚರ್ಚೆಂದು ತಿಳಿಯುತ್ತಿರಲಿಲ್ಲ. ನನಗೆ ಗೊತ್ತಿದ್ದ ಚರ್ಚೆಂದರೆ ಮೈಸೂರಿನದು, ಆಕಾಶಕ್ಕೆ ಚುಚ್ಚುವ ಎರಡು ಗೋಪುರಗಳದ್ದು. ಇದರ ಬಾಗಿಲಲ್ಲಿ ಪಾದರಕ್ಷೆ ಇಡುವ ಮರದ ಗೂಡು, ಪಕ್ಕದಲ್ಲಿ ಸಾಲಾಗಿ ಚಪ್ಪಲಿಗಳು.

"ಚಪ್ಪಲಿ ಬಿಟ್ಟು ಒಳಗೆ ಹೋಗ್ಬೇಕಾ?" ಎಂದರು ಅತ್ತೆ. ಹೌದೆಂದೆ. ಅವರ ಮುಖ ಅರಳಿತು. "ಮತ್ತೆ! ದೇವರ ಮನೆ ಅಂದ್ಮೇಲೆ!"

ಒಳಗೆ ಕಾಲಿಟ್ಟಾಗ ನಾನು ಅಲ್ಲೇ ನಿಂತುಬಿಟ್ಟೆ. ಹೊರಗಿನ ಬಡ ಶಾಲೆಯ ಒಳಗೆ ಕಮಾನು ಕಮಾನಾಗಿ ಬಾಗಿದ ಮರದ ಚಾವಣಿ, ಅದರ ನಡುವೆ ಛತ್ರಿಯ ಕಡ್ಡಿಗಳಂತೆ ಹರಡಿದ ಪಟ್ಟಿಗಳು. ಇಲ್ಲಿಯ ಜನ ಇದನ್ನು ಬಾವಲಿ ಚಾವಣಿ ಎನ್ನುತ್ತಾರೆಂದು ಟೀಚರು ಹೇಳಿದರು. ನಿಜಕ್ಕೂ ರೆಕ್ಕೆ ಬಿಚ್ಚಿದ ಬಾವಲಿಗಳ ಹೊಟ್ಟೆಯ ಕೆಳಗೆ ನಿಂತ ಹಾಗಿತ್ತು. ಬಣ್ಣದ ಗಾಜಿನಿಂದ ಬಂದ ಮಧ್ಯಾಹ್ನದ ಬೆಳಕು ನೆಲದ ಮೇಲೆ ಹಸಿರು, ನೀಲಿ, ಕೆಂಪಾಗಿ ಬಿದ್ದಿತ್ತು. ಅತ್ತೆ ಆ ಬೆಳಕನ್ನು ತುಳಿಯದೆ ಸುತ್ತು ಹಾಕಿ ನಡೆದರು. ಮರದಲ್ಲಿ ಕೆತ್ತಿದ ನಾಲ್ಕೆಸಳಿನ ಹೂವನ್ನು ಮುಟ್ಟಿ, "ಇದೇನು ದಾಸವಾಳಾನಾ?" ಎಂದು ಕೇಳಿದರು.

"ಕಮೀಲಿಯ" ಎಂದರು ಟೀಚರು. "ಕಟ್ಟಿದ ಬಡಗಿಗಳಿಗೆ ಗುಲಾಬಿ ಗೊತ್ತಿರಲಿಲ್ಲ. ಫಾದರ್ ಹೂ ಕೆತ್ತಿ ಅಂದರು. ಇವರು ತಮ್ಮ ಮನೆ ಹಿತ್ತಲಿನ ಹೂ ಕೆತ್ತಿದರು. ಶಿಲುಬೆಯಂತೆ ಕಾಣಲಿ ಅಂತ ಒಂದು ಎಸಳು ಕಡಿಮೆ ಮಾಡಿದರು."

ಅಲ್ಲಿಯೇ ಬೆಂಚಿನ ಮೇಲೆ ಕೂತು ಅವರು ತಮ್ಮ ಜನರ ಕಥೆ ಹೇಳಿದರು. ಜಪಾನಿನಲ್ಲಿ ಈ ಧರ್ಮವನ್ನು ನಿಷೇಧಿಸಿದ್ದ ಕಾಲದಲ್ಲಿ ಅವರ ಹಿರಿಯರು ನಾಗಸಾಕಿಯ ಕಡೆಯಿಂದ ದೋಣಿಗಳಲ್ಲಿ ಈ ದ್ವೀಪಗಳಿಗೆ ಬಂದರಂತೆ. ಒಳ್ಳೆಯ ಭೂಮಿಯೆಲ್ಲ ಮೊದಲೇ ಬಂದವರದ್ದಾಗಿತ್ತು. ಇವರಿಗೆ ಸಿಕ್ಕಿದ್ದು ಕಡಿದಾದ ಗುಡ್ಡ, ಕಲ್ಲಿನ ತೀರ. ಅಲ್ಲಿ ಗೆಣಸು ಬೆಳೆದುಕೊಂಡು, ಮೀನು ಹಿಡಿದುಕೊಂಡು, ಹೊರಗೆ ಬೌದ್ಧರಂತೆ ನಡೆದುಕೊಂಡು, ಪಾದ್ರಿಗಳಿಲ್ಲದೆ, ಪುಸ್ತಕವಿಲ್ಲದೆ, ಅಜ್ಜಿಯ ಬಾಯಿಂದ ಮೊಮ್ಮಗುವಿನ ಬಾಯಿಗೆ ಪ್ರಾರ್ಥನೆಗಳನ್ನು ದಾಟಿಸಿಕೊಂಡು ತಲೆಮಾರುಗಳನ್ನೇ ಕಳೆದರು. ಮೇರಿಯ ಬದಲು ಮಗುವನ್ನೆತ್ತಿಕೊಂಡ, ಬೌದ್ಧರ ಕರುಣಾದೇವಿ ಕನ್ನೋನಳ ಮೂರ್ತಿ ಇಟ್ಟುಕೊಂಡಿದ್ದರು. ನಿಷೇಧ ಹೋದ ಮೇಲೆ ಈ ಬಡವರೇ ಕಲ್ಲು ಹೊತ್ತು, ಮರ ಎಳೆದು ಊರಿಗೊಂದರಂತೆ ಚರ್ಚು ಕಟ್ಟಿದರು.

ನಾನು ಕನ್ನಡದಲ್ಲಿ ಹೇಳಿ ಮುಗಿಸಿದ ಮೇಲೆ ಅತ್ತೆ ಆ ಮರದ ಹೂವನ್ನು ಇನ್ನೊಮ್ಮೆ ನೋಡಿದರು. "ಅಂದ್ರೆ ದೇವರನ್ನ ದೇವರ ಹಿಂದೇನೇ ಬಚ್ಚಿಟ್ಟಿದ್ರು ಅನ್ನು. ಆ ಕನ್ನೋನಮ್ಮನೂ ದೊಡ್ಡವಳು, ಜಾಗ ಕೊಟ್ಟಳಲ್ಲ" ಎಂದರು. ಇದನ್ನು ಟೀಚರಿಗೆ ಹೇಳಿದಾಗ ಅವರು ಅತ್ತೆಯ ಕೈಯನ್ನು ಹಿಡಿದುಕೊಂಡು ಎರಡು ಸಲ ತಟ್ಟಿದರು.

ಮುಂದಿನ ಎರಡು ದಿನ ನಾವು ಚರ್ಚಿನಿಂದ ಚರ್ಚಿಗೆ ಓಡಾಡಿದೆವು. ಒಂದು ಇಟ್ಟಿಗೆಯದು, ಒಂದು ಬೆಟ್ಟದ ನೆತ್ತಿಯಲ್ಲಿ ಸುಣ್ಣದಂತೆ ಬೆಳ್ಳಗಿನದು, ಒಂದು ಮರಳುಗಲ್ಲಿನದು. ಮರಳುಗಲ್ಲಿನದರ ಗೋಡೆ ಮುಟ್ಟಿದರೆ ಒರಟಾಗಿ, ಬಿಸಿಲಿಗೆ ಬೆಚ್ಚಗಿತ್ತು. ಒಳಗೆ ಫೋಟೋ ತೆಗೆಯಬಾರದೆಂದು ಎಲ್ಲ ಕಡೆ ಬರೆದಿದ್ದರು. ಅದರಿಂದ ನನಗೆ ಒಳ್ಳೆಯದೇ ಆಯಿತು. ಫೋನು ಚೀಲದಲ್ಲಿ ಉಳಿಯಿತು, ಕಣ್ಣು ಕೆಲಸ ಮಾಡಿತು. ಆ ರಸ್ತೆಗಳು ಎಷ್ಟು ಕಿರಿದೆಂದರೆ ಎದುರಿಗೆ ತರಕಾರಿ ಲಾರಿ ಬಂದಾಗಲೆಲ್ಲ ನಾನು ಹಿಂದೆ ಹಿಂದೆ ಹೋಗಬೇಕಾಗುತ್ತಿತ್ತು. ಆಗ ಟೀಚರು ಎಡಗಡೆಯ ಕಿಟಕಿಯಿಂದಲೂ ಅತ್ತೆ ಬಲಗಡೆಯ ಕಿಟಕಿಯಿಂದಲೂ ತಲೆ ಹೊರಗೆ ಹಾಕಿ, "ಓರಾಯ್, ಓರಾಯ್" ಎಂದು ಒಬ್ಬರು, "ಬರ್ಲಿ, ಬರ್ಲಿ, ಬರ್ಲಿ" ಎಂದು ಇನ್ನೊಬ್ಬರು ಕೂಗುತ್ತಿದ್ದರು. ಒಮ್ಮೆ ಲಾರಿಯವನು ನಗು ತಡೆಯಲಾರದೆ ಇಳಿದು ಬಂದು ನಮಗೆ ಮೂರು ಕಿತ್ತಳೆ ಕೊಟ್ಟು ಹೋದ.

ಊಟದ್ದೇ ಚಿಂತೆಯಿತ್ತು. ಅಲ್ಲಿ ಎಲ್ಲದರಲ್ಲೂ ಮೀನಿನ ಸಾರು. ನಾವು ಇಳಿದುಕೊಂಡಿದ್ದ ಮನೆಯ ಒಡತಿ ಒಲೆಯ ಮೇಲೆ ಕಬ್ಬಿಣದ ಪಾತ್ರೆಯಲ್ಲಿ ನೂಲಿನಂಥ ಉದೋನ್ ಶಾವಿಗೆಯನ್ನು ಬರೀ ನೀರಿನಲ್ಲಿ ಕುದಿಸಿ ಮೇಜಿನ ನಡುವೆ ಇಟ್ಟರು. ಅತ್ತೆ ಬಟ್ಟಲಿಗೆ ಶಾವಿಗೆ ಎಳೆದುಕೊಂಡು ತುಪ್ಪ, ಚಟ್ನಿಪುಡಿ ಕಲೆಸಿದರು. ವಾಸನೆ ಹಿಡಿದು ಬಂದ ಒಡತಿಗೂ ಒಂದು ತುತ್ತು ಸಿಕ್ಕಿತು. ಆಕೆ ಕಣ್ಣು ಮುಚ್ಚಿ ತಿಂದು, ಒಳಗೆ ಹೋಗಿ, ಒಣಗಿಸಿದ ಗೆಣಸನ್ನು ಅಕ್ಕಿಯ ಜೊತೆ ಕುಟ್ಟಿ ಮಾಡಿದ ಸಿಹಿಯನ್ನು ತುಂಡು ಮಾಡಿ ಕಾಯಿಸಿ ತಂದರು. ಕಾನ್ಕೊರೊ ಎಂದು ಅದರ ಹೆಸರು. ಹೊರಗೆ ಗರಿಗರಿ, ಒಳಗೆ ಮೆತ್ತಗೆ. "ಇದು ಗೆಣಸಿನ ಹೋಳಿಗೆಯ ಅಕ್ಕ" ಎಂದು ಅತ್ತೆ ತೀರ್ಪು ಕೊಟ್ಟು ಅದನ್ನೇ ರಾತ್ರಿಯೂಟ ಮಾಡಿದರು.

ನಾಲ್ಕನೆಯ ದಿನ ಭಾನುವಾರ. ಅದು ಟೀಚರು ಹುಟ್ಟಿದ ದ್ವೀಪಕ್ಕೆ ಹೋಗುವ ದಿನ. ಮೀನುಗಾರರೊಬ್ಬರ ದೋಣಿಯಲ್ಲಿ ಹೋದೆವು. ಟೀಚರು ಹಿಂದಿನ ದಿನದಿಂದಲೇ ಮಾತು ಕಡಿಮೆ ಮಾಡಿದ್ದರು. ಎಲ್ಲದಕ್ಕೂ ವೇಳೆ ಗೊತ್ತುಮಾಡುವವರು ಅಂದು ಗಡಿಯಾರವನ್ನೂ ಕಟ್ಟಿಕೊಂಡಿರಲಿಲ್ಲ. ದ್ವೀಪದಲ್ಲಿ ಈಗ ಉಳಿದಿರುವುದು ಬೆರಳೆಣಿಕೆಯ ಮನೆಗಳು. ಶಾಲೆ ಮುಚ್ಚಿದೆ. ದಡದಿಂದ ಕಲ್ಲಿನ ಮೆಟ್ಟಿಲು ಹತ್ತಿದರೆ ಒಂದು ತಿಳಿ ನೀಲಿ ಬಣ್ಣದ ಮರದ ಚರ್ಚು, ಅದರ ಹಿಂದೆ ಕಮೀಲಿಯದ ಗುಂಪು.

ಬಾಗಿಲು ತೆರೆದಿತ್ತು. ಒಳಗೆ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಹೆಂಗಸೊಬ್ಬರು ಎಡಗೈಯಲ್ಲೇ ನೆಲ ಒರೆಸುತ್ತಿದ್ದರು. ನಮ್ಮನ್ನು ನೋಡಿ ಎದ್ದರು. ಟೀಚರ ಮುಖವನ್ನು ಒಂದು ಕ್ಷಣ ನೋಡಿದರು. ಆಮೇಲೆ ಬಟ್ಟೆಯನ್ನು ಕೈಯಿಂದ ಬಿಟ್ಟು, ಟೀಚರ ಹೆಸರಿನ ಮೊದಲ ಅಕ್ಷರಕ್ಕೆ "ಚಾನ್" ಸೇರಿಸಿ, ಮಕ್ಕಳು ಮಕ್ಕಳನ್ನು ಕರೆಯುವ ಹಾಗೆ ಕೂಗಿದರು. ಟೀಚರೂ ಹಾಗೆಯೇ ಕೂಗಿದರು. ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರಂತೆ. ನನ್ನ ಶಿಸ್ತಿನ ಟೀಚರು ಜಾರುವ ಒದ್ದೆ ನೆಲದ ಮೇಲೆ ಕಾಲುಚೀಲದಲ್ಲೇ ಓಡಿದ್ದನ್ನು ನಾನು ನೋಡಿದೆ. ಇಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ನಕ್ಕರು, ಅತ್ತರು, ಮತ್ತೆ ನಕ್ಕರು. ಆ ದ್ವೀಪದ ಮಾತನ್ನು ಆಡತೊಡಗಿದಾಗ ನನಗೆ ಒಂದು ಶಬ್ದವೂ ಅರ್ಥವಾಗಲಿಲ್ಲ.

"ನಿನ್ನ ಟೀಚರಮ್ಮ ಎಂಟು ವರ್ಷದ ಹುಡುಗಿ ಆಗಿಬಿಟ್ರಲ್ಲೇ" ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ.

ಅಂದು ಗರಿಗಳ ಭಾನುವಾರ, ಈಸ್ಟರಿನ ಹಿಂದಿನ ವಾರದ ಹಬ್ಬ. ಎಷ್ಟೋ ದ್ವೀಪಗಳನ್ನು ಒಬ್ಬರೇ ನೋಡಿಕೊಳ್ಳುವ ಪಾದ್ರಿ ಮಧ್ಯಾಹ್ನ ದೋಣಿಯಲ್ಲಿ ಬರುವವರಿದ್ದರು. ಗೆಳತಿಯೇ ಆ ಚರ್ಚನ್ನು ನೋಡಿಕೊಳ್ಳುವವರು, ಹೂ ಇಡುವವರು, ಪೂಜೆಗೆ ಆರ್ಗನ್ ನುಡಿಸುವವರೂ ಅವರೇ. ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು. "ಈ ಸಲ ಆರ್ಗನ್ ಇಲ್ಲದೆ ಹಾಡ್ತೀವಿ. ಮುದುಕರ ಗಂಟಲು, ಒಬ್ಬೊಬ್ಬರದ್ದು ಒಂದೊಂದು ದಾರಿ" ಎಂದು ನಕ್ಕರು.

ಮೂಲೆಯಲ್ಲಿ ಬಿಳಿಯ ಬಟ್ಟೆ ಹೊದಿಸಿದ ಆ ಆರ್ಗನ್ ಇತ್ತು. ಹಳೆಯದು, ಕಾಲಿನಿಂದ ತುಳಿದು ಗಾಳಿ ತುಂಬುವಂಥದ್ದು. ಅತ್ತೆ ಅದರ ಹತ್ತಿರ ಹೋಗಿ ಬಟ್ಟೆಯ ಅಂಚೆತ್ತಿ ನೋಡಿದರು. ಮತ್ತೆ ನನ್ನ ಕಡೆ ತಿರುಗಿದರು.

"ಇದು ನಮ್ಮ ಹಾರ್ಮೋನಿಯಂ ಅಲ್ವೇನೇ? ಕಾಲು ಬಂದಿರೋ ಹಾರ್ಮೋನಿಯಂ!"

ಅತ್ತೆ ಮದುವೆಗೆ ಮುಂಚಿನಿಂದಲೂ ಹಾರ್ಮೋನಿಯಂ ನುಡಿಸುವವರು. ಅವರ ಬೀದಿಯ ಭಜನೆ ಮಂಡಳಿಗೆ ಅವರಿಲ್ಲದೆ ಶುಕ್ರವಾರ ಆಗುವುದಿಲ್ಲ. ಒಂದು ಸಲ ಮುಟ್ಟಬಹುದೇ ಕೇಳು ಎಂದರು. ನಾನು ಕೇಳಿದೆ. ಗೆಳತಿ ಬಟ್ಟೆ ತೆಗೆದು ಕುರ್ಚಿ ಎಳೆದುಕೊಟ್ಟರು. ಅತ್ತೆ ಕೂತು, ಸೀರೆ ಸ್ವಲ್ಪ ಮೇಲೆತ್ತಿ, ಗುಲಾಬಿ ಕಾಲುಚೀಲದ ಪಾದಗಳನ್ನು ತುಳಿಯುವ ಹಲಗೆಯ ಮೇಲಿಟ್ಟರು. ಹೊಲಿಗೆ ಮಿಷನ್ ತುಳಿದ ಕಾಲು ಅವರದ್ದು. ಎರಡು ಕ್ಷಣದಲ್ಲಿ ಲಯ ಹಿಡಿಯಿತು. ಎಡಗೈಗೆ ತಿದಿ ಒತ್ತುವ ಕೆಲಸವಿಲ್ಲದ್ದು ಅವರಿಗೆ ವಿಚಿತ್ರವಾಗಿ ಕಂಡು, ಅದನ್ನು ಎಲ್ಲಿಡುವುದೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡರು. ಬಲಗೈ ಸರಿಗಮಪದನಿಸ ಏರಿತು, ಇಳಿಯಿತು. ಮೇಲಿನ ಸ್ವರದ ಒಂದು ಮನೆ ಎಷ್ಟು ಒತ್ತಿದರೂ ಕೂಗಲಿಲ್ಲ. "ತೇವಕ್ಕೆ ಹಿಡ್ಕೊಂಡಿದೆ, ಪಾಪ" ಎಂದರು.

ಗೆಳತಿಯೂ ಟೀಚರೂ ಒಬ್ಬರ ಮುಖ ಒಬ್ಬರು ನೋಡಿದರು. ಟೀಚರು ನನ್ನ ಹತ್ತಿರ ಬಂದು ಮೆಲ್ಲಗೆ, "ನಾನು ಹಾಡಿದರೆ ಒಕಾಸಾನ್ ನುಡಿಸಬಲ್ಲರಾ?" ಎಂದು ಕೇಳಿದರು. ಒಕಾಸಾನ್ ಎಂದರೆ ಅಮ್ಮ. ಮೊದಲ ದಿನದಿಂದಲೂ ಅತ್ತೆಯನ್ನು ಅವರು ಹಾಗೆಯೇ ಕರೆಯುತ್ತಿದ್ದರು.

"ಹಾಡಲಿ ನೋಡೋಣ" ಎಂದರು ಅತ್ತೆ.

ಟೀಚರು ಹಾಡಿದರು. ತರಗತಿಯಲ್ಲಿ ಕೇಳಿದ್ದ ಕಟ್ಟುನಿಟ್ಟಿನ ಧ್ವನಿಯಲ್ಲ ಅದು, ತೆಳುವಾದ, ಎಳೆಯ ಧ್ವನಿ. ಅತ್ತೆ ಕಣ್ಣುಮುಚ್ಚಿ ಕೇಳಿದರು, ಬೆರಳಿನಿಂದ ಶ್ರುತಿ ಹುಡುಕಿದರು, ಸಿಕ್ಕಿತು. ಎರಡನೆಯ ಸಲ ಹಾಡುವಾಗ ಸ್ವರಗಳನ್ನು ಗುನುಗಿದರು. ಮೂರನೆಯ ಸಲಕ್ಕೆ ಹಾಡಿನ ಜೊತೆಗೇ ನಡೆದರು. "ಇದೇನು ಕಷ್ಟ ಇಲ್ಲ ಕಣೇ. ನಮ್ಮ ಶಂಕರಾಭರಣವೇ ಕೋಟು ಹಾಕ್ಕೊಂಡು ಬಂದ ಹಾಗಿದೆ. ಗಮಕ ಇಲ್ಲ, ನೇರ ನೇರ ನಡಿಯುತ್ತೆ." ನಡುನಡುವೆ ಅವರ ಬೆರಳು ತಡೆಯಲಾರದೆ ಒಂದು ಗಮಕ ಎಳೆಯುತ್ತಿತ್ತು, ಆಗ ಟೀಚರು ಹಾಡುತ್ತಲೇ ಹುಬ್ಬು ಏರಿಸುತ್ತಿದ್ದರು, ಅತ್ತೆ ನಾಲಗೆ ಕಚ್ಚಿಕೊಳ್ಳುತ್ತಿದ್ದರು.

ಹೀಗೆ ಪೂಜೆಗೆ ಬೇಕಾದ ಹಾಡುಗಳನ್ನೆಲ್ಲ ಅಭ್ಯಾಸ ಮಾಡಿದರು. ಒಂದು ಹಾಡಿನಲ್ಲಿ ಆ ಕೂಗದ ಮನೆ ಬರುತ್ತಿತ್ತು. ಅಲ್ಲಿ ಅತ್ತೆ ಕೆಳಗಿನ ಸ್ಥಾಯಿಗೆ ಇಳಿದು ದಾಟಿಕೊಂಡರು. ಆದರೆ ಎಲ್ಲ ಮುಗಿದ ಮೇಲೆ ಅವರಿಗೆ ಸಂಕೋಚ ಶುರುವಾಯಿತು.

"ನಾನು ಹಿಂದೂ. ದಿನಾ ದೀಪ ಹಚ್ಚೋಳು. ಅವರ ಪೂಜೆಗೆ ನಾನು ಕೂತ್ಕೋಬಹುದಾ? ಅವರ ಗುರುಗಳು ಬಂದ ತಕ್ಷಣ ಕೇಳು, ಆಮೇಲೆ ಯಾರಿಗೂ ಬೇಜಾರಾಗಬಾರದು."

ಪಾದ್ರಿ ಬಂದರು. ಗಾಳಿಗೆ ಕೂದಲು ಕೆದರಿದ, ರಬ್ಬರು ಬೂಟು ಹಾಕಿದ ಮಧ್ಯವಯಸ್ಸಿನವರು. ನಾನು ಇದ್ದ ಜಪಾನಿಯೆಲ್ಲ ಒಟ್ಟುಮಾಡಿ, ಅತ್ಯಂತ ಗೌರವದ ರೂಪಗಳನ್ನೇ ಆಯ್ದು ಅತ್ತೆಯ ಪ್ರಶ್ನೆಯನ್ನು ಕೇಳಿದೆ. ಅವರು ಬೂಟು ಬಿಚ್ಚುತ್ತಲೇ ಕೇಳಿಸಿಕೊಂಡರು. ಅತ್ತೆಯನ್ನೊಮ್ಮೆ, ಆರ್ಗನ್ನನ್ನೊಮ್ಮೆ ನೋಡಿದರು.

"ಆ ಆರ್ಗನ್ನಿಗೂ ಇನ್ನೂ ಜ್ಞಾನಸ್ನಾನ ಆಗಿಲ್ಲ" ಎಂದರು. "ದಯವಿಟ್ಟು ನುಡಿಸಿ."

ಊರಿನ ಜನ ಬಂದರು. ಎಲ್ಲರೂ ವಯಸ್ಸಾದವರೇ. ಹೆಂಗಸರು ತಲೆಗೆ ಬಿಳಿಯ ಲೇಸಿನ ಮುಸುಕು ಹಾಕಿದ್ದರು. "ನಮ್ಮಲ್ಲಿ ತಲೆ ಮೇಲೆ ಸೆರಗು ಹಾಕೋ ಪದ್ಧತಿ ಇಲ್ಲ" ಎನ್ನುತ್ತಲೇ ಅತ್ತೆ ತಾವೂ ಸೆರಗನ್ನು ತಲೆಗೆ ಎಳೆದುಕೊಂಡರು. ಎಲ್ಲರ ಕೈಯಲ್ಲೂ ಗರಿ. ಅದು ತೆಂಗಿನದಲ್ಲ, ಗುಡ್ಡದಲ್ಲಿ ಬೆಳೆಯುವ ಈಚಲಿನಂಥ ಗಿಡದ ಗಟ್ಟಿ, ಚೂಪು ಗರಿ. ನನಗೂ ಒಂದು ಕೊಟ್ಟರು. ಬಾಗಿಲ ಹೊರಗೆ, ಸಮುದ್ರಕ್ಕೆ ಬೆನ್ನು ಮಾಡಿ ನಿಂತು ಪ್ರಾರ್ಥನೆ ಹೇಳಿ, ಗರಿ ಎತ್ತಿಕೊಂಡು ಎಲ್ಲರೂ ಸಾಲಾಗಿ ಒಳಗೆ ಬರುವಾಗ ಆರ್ಗನ್ ಶುರುವಾಗಬೇಕು. ಅದು ಶುರುವಾಯಿತು.

ಆ ಕ್ಷಣವನ್ನು ನಾನು ಸರಿಯಾಗಿ ಹೇಳಬಲ್ಲೆನೋ ಇಲ್ಲವೋ. ಇಲ್ಲಿಯೂ ಇದ್ದ ಬಾವಲಿ ಚಾವಣಿಯ ಕೆಳಗೆ ಮೈಸೂರಿನ ಕೈ ನುಡಿಸಿದ ಒಂಟಿ ಸ್ವರಗಳ ಸಾಲು, ಅದರ ಹಿಂದೆ ಸಮುದ್ರದ ಉಪ್ಪಿಗೆ ಒರಟಾದ ಗಂಟಲುಗಳು. ಯಾರದ್ದೂ ದಾರಿ ತಪ್ಪಲಿಲ್ಲ. ಅತ್ತೆ ಪಾದ್ರಿಯ ಮುಖ ನೋಡುತ್ತಿರಲಿಲ್ಲ, ಪುಸ್ತಕ ನೋಡುತ್ತಿರಲಿಲ್ಲ. ಮುಂದಿನ ಬೆಂಚಿನಲ್ಲಿ ನಿಂತ ಟೀಚರ ಬಾಯನ್ನೇ ನೋಡುತ್ತಿದ್ದರು. ಟೀಚರು ಪ್ರತಿ ಸಾಲಿಗೂ ಮುಂಚೆ ಉಸಿರೆಳೆದುಕೊಂಡು ಗಲ್ಲ ಎತ್ತಿ ಸೂಚನೆ ಕೊಡುತ್ತಿದ್ದರು. ಪ್ಲಾಸ್ಟರಿನ ಗೆಳತಿ ಎಡಗೈಯಿಂದ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ನನ್ನ ಕೈಯಲ್ಲಿ ಗರಿ, ಕಣ್ಣಲ್ಲಿ ನೀರು, ಬಾಯಲ್ಲಿ ತಡೆಯಲಾಗದ ನಗು. ಕೊನೆಯ ಹಾಡು ಮುಗಿದಾಗ ಅತ್ತೆ ಅಭ್ಯಾಸದಂತೆ ಒಂದು ಸಣ್ಣ ಮಂಗಳದ ಎಳೆ ನುಡಿಸಿಬಿಟ್ಟರು. ಜನ ಅದನ್ನೂ ಪೂಜೆಯ ಭಾಗವೆಂದೇ ತಿಳಿದು ತಲೆ ಬಾಗಿಸಿ ನಿಂತಿದ್ದರು.

ಆಮೇಲೆ ಚರ್ಚಿನ ಪಕ್ಕದ ಕೋಣೆಯಲ್ಲಿ ಚಹಾ. ಪ್ರತಿಯೊಬ್ಬ ಅಜ್ಜಿಯೂ ಅತ್ತೆಯ ಎದುರು ಬಂದು ಮೊಣಕಾಲೂರಿ ಬಾಗಿ "ಅರಿಗಾತೋ" ಎಂದು ಧನ್ಯವಾದ ಹೇಳಿದರು. ಅತ್ತೆಯೂ ಬಾಗಿದರು. ಅವರು ಮತ್ತೆ ಬಾಗಿದರು. ಯಾರು ಮೊದಲು ನಿಲ್ಲಿಸಬೇಕೆಂದು ಯಾರಿಗೂ ಗೊತ್ತಾಗಲಿಲ್ಲ. ಒಬ್ಬರು ಕಮೀಲಿಯದ ಎಣ್ಣೆಯ ಪುಟ್ಟ ಶೀಸೆ ತಂದುಕೊಟ್ಟರು. ಅತ್ತೆ ಅಲ್ಲೇ ಒಂದು ಹನಿ ಅಂಗೈಗೆ ಹಾಕಿಕೊಂಡು ತಲೆಗೆ ತಿಕ್ಕಿಕೊಂಡು, "ಹರಳೆಣ್ಣೆಗಿಂತ ಹಗುರ" ಎಂದರು. ಅವರ ಉದ್ದ ಜಡೆಯನ್ನು ಮುಟ್ಟಿ ನೋಡಲು ಅಜ್ಜಿಯರು ಒಬ್ಬೊಬ್ಬರಾಗಿ ಬಂದರು. ಟೀಚರು ನನ್ನನ್ನು ಮಾತ್ರ ಹೊರಗೆ ಕರೆದು ಚರ್ಚಿನ ಹಿಂದೆ ತಮ್ಮ ತಾಯಿಯ ಸಮಾಧಿಗೆ ಕರೆದೊಯ್ದರು. ಅಲ್ಲಿ ಗರಿಯನ್ನಿಟ್ಟು, "ಅಮ್ಮ, ಇವಳು ನನ್ನ ವಿದ್ಯಾರ್ಥಿನಿ. ವ್ಯಾಕರಣ ಇನ್ನೂ ಸ್ವಲ್ಪ ವೀಕು" ಎಂದು ನನ್ನನ್ನು ಪರಿಚಯಿಸಿದರು.

ಮರುದಿನ ನಾವು ಹಿಂದಿರುಗಬೇಕಿತ್ತು. ಗೆಳತಿಯೂ ಮಣಿಕಟ್ಟು ತೋರಿಸಲು ನಮ್ಮ ಜೊತೆ ದೊಡ್ಡ ದ್ವೀಪಕ್ಕೆ ಬಂದಿದ್ದರು. ಬಂದರಿನಲ್ಲಿ ಅಂದು ಜನಜಂಗುಳಿ. ಶೈಕ್ಷಣಿಕ ವರ್ಷದ ಕೊನೆಗೆ ಬೇರೆ ಊರಿಗೆ ವರ್ಗವಾದ ಶಾಲಾ ಮೇಷ್ಟರುಗಳು ಹೋಗುವ ದಿನ ಅದು. ಹಡಗಿನ ಕಟಕಟೆಯಿಂದ ಮೇಷ್ಟರುಗಳು ಬಣ್ಣಬಣ್ಣದ ಕಾಗದದ ಸುರುಳಿಗಳನ್ನು ಬಿಚ್ಚಿ ಎಸೆಯುವುದು, ಕೆಳಗೆ ನಿಂತ ಮಕ್ಕಳು ಅದರ ತುದಿ ಹಿಡಿದುಕೊಳ್ಳುವುದು ಅಲ್ಲಿಯ ಪದ್ಧತಿ.

ನಮ್ಮ ಸಾಮಾನು ಹಡಗಿಗೆ ಏರಿಸಿ ಹಿಂದೆ ನೋಡಿದರೆ ಟೀಚರು ಇನ್ನೂ ದಡದಲ್ಲೇ, ಗೆಳತಿಯ ಪಕ್ಕದಲ್ಲಿ ನಿಂತಿದ್ದರು. ನಾನು ಕೈಬೀಸಿ ಕರೆದೆ. ಅವರು ತಮ್ಮ ಪೆಟ್ಟಿಗೆಯನ್ನು ಎತ್ತಿ ತೋರಿಸಿ, ಮತ್ತೆ ಕೆಳಗಿಟ್ಟರು.

"ನಾನು ಈಸ್ಟರಿನವರೆಗೆ ಇಲ್ಲೇ ಇರ್ತೀನಿ!" ಎಂದು ಕೂಗಿದರು. "ಇವಳಿಗೆ ಒಂದು ಕೈ ಬೇಕಲ್ಲ! ಮುಂದಿನ ವಾರ ಪಾಠ ಇಲ್ಲ!"

ಪಾಠದ ದಿನ ಒಂದು ನಿಮಿಷ ತಡವಾದರೆ ಗೋಡೆಯ ಗಡಿಯಾರ ನೋಡುತ್ತಿದ್ದವರು! ನಾನು ಅತ್ತೆಗೆ ಹೇಳಿದೆ. ಅವರು ಕಟಕಟೆಗೆ ಬಗ್ಗಿ, "ಒಳ್ಳೇ ಕೆಲಸ ಮಾಡಿದ್ರಿ ಟೀಚರಮ್ಮ! ಇರಿ, ಚೆನ್ನಾಗಿ ಹಾಡಿ!" ಎಂದು ಕನ್ನಡದಲ್ಲೇ ಗಟ್ಟಿಯಾಗಿ ಕೂಗಿದರು. ಪಕ್ಕದಲ್ಲಿ ನಿಂತಿದ್ದ ಯುವ ಮೇಷ್ಟರೊಬ್ಬರು, ತಮ್ಮ ಕೈಯಲ್ಲಿ ಉಳಿದಿದ್ದ ಒಂದು ಹಳದಿ ಸುರುಳಿಯನ್ನು ಅತ್ತೆಗೆ ಕೊಟ್ಟು, ಎಸೆಯುವುದು ಹೇಗೆಂದು ತೋರಿಸಿದರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀಸಿ ಎಸೆದರು. ಅದು ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತ ಹೋಗಿ ಒಬ್ಬ ಮೀನಿನ ವ್ಯಾಪಾರಿಯ ಟೋಪಿಯ ಮೇಲೆ ಬಿತ್ತು. ಆತ ಅದನ್ನು ಬಿಡಿಸಿ ಟೀಚರ ಕೈಗೆ ತಲುಪಿಸಿದ. ಹಡಗು ಸರಿಯಿತು. ಕಾಗದ ಉದ್ದವಾಯಿತು, ಬಿಗಿಯಾಯಿತು, ಕಿತ್ತುಹೋಯಿತು. ಟೀಚರೂ ಗೆಳತಿಯೂ ಉಳಿದ ತುಂಡನ್ನು ಹಿಡಿದುಕೊಂಡು ಬೀಸುತ್ತಲೇ ಇದ್ದರು.

ಹಡಗಿನ ಹಜಾರದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ ಅತ್ತೆ ಒಂದೇ ಮಾತು ಕೇಳಿದರು. "ಇನ್ನೂ ಎಷ್ಟೋ ಚರ್ಚು ಉಳಿದಿವೆ ಅಂದ್ರಲ್ಲ ಟೀಚರಮ್ಮ. ನನ್ನ ವೀಸಾ ಇನ್ನೊಂದು ಸಲ ಕೊಡ್ತಾರಾ?"

ಕೊಟ್ಟರು. ಮರುವರ್ಷವೂ ಹೋದೆವು, ನಾವು ಮೂವರೇ, ಅದೇ ಬಂದರಿನಿಂದ ಇನ್ನೊಂದು ಕಾರು ತೆಗೆದುಕೊಂಡು, ಉತ್ತರದ ದ್ವೀಪಗಳ ಕಡೆಗೆ.